‘ಐತಿ’ಯ ಕೆಳಗಿನ ಕೆಂಪು ಗೆರೆ

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಶಾಲಾ ಶಿಕ್ಷಕ. ಮೊನ್ನೆ ಫೋನಿನಲ್ಲಿ ಮಗಳಿಗೆ ‘ಊಟ ಐತಿ, ಬಾ’ ಎಂದು ಬರೆದೆ. ಫೋನು ‘ಐತಿ’ಯ ಕೆಳಗೆ ಕೆಂಪು ಗೆರೆ ಎಳೆಯಿತು. ಮಗಳು ‘ನಮ್ಮ ಮಾತು ತಪ್ಪೇನು?’ ಎಂದು ಕೇಳಿದಳು. ಫೋನಿಗೆ ಸರಿ ಯಾವುದು, ತಪ್ಪು ಯಾವುದು ಎಂದು ಯಾರು ಕಲಿಸಿದರು? ಅದಕ್ಕೆ ಕನ್ನಡ ಬರುತ್ತದೆಯೇ? ಕನ್ನಡದಲ್ಲಿ ಒಟ್ಟು ಎಷ್ಟು ಪದಗಳಿವೆ?

ಉತ್ತರ: ನಿಮ್ಮ ಪತ್ರವನ್ನು ಒಂದಕ್ಷರವೂ ಬಿಡದೆ ಮೇಲೆ ಕೊಟ್ಟಿದ್ದೇನೆ. ಇದು ಬರೀ ಸೌಜನ್ಯವಲ್ಲ. ಮುಂದೆ ಅದರ ಪದಗಳನ್ನು ಒಂದೊಂದಾಗಿ ಎಣಿಸುವವನಿದ್ದೇನೆ. ಸಂಖ್ಯಾಶಾಸ್ತ್ರದವರ ಕೈಗೆ ಪತ್ರ ಕೊಟ್ಟರೆ ಓದುವುದಕ್ಕೆ ಮೊದಲು ಎಣಿಸುತ್ತಾರೆ ಎಂಬ ದೂರು ನಮ್ಮ ಮನೆಯಲ್ಲೂ ಇದೆ.

ಮೊದಲು ನಿಮ್ಮ ಮಗಳಿಗೆ ಉತ್ತರ ಹೇಳಿಬಿಡುತ್ತೇನೆ. ತಪ್ಪಲ್ಲ. ಕೆಂಪು ಗೆರೆಗೆ ‘ಇದು ತಪ್ಪು’ ಎಂಬ ಅರ್ಥವೇ ಇಲ್ಲ. ‘ಇದು ನನ್ನ ಪಟ್ಟಿಯಲ್ಲಿಲ್ಲ’ ಎಂಬುದಷ್ಟೇ ಅದರ ಅರ್ಥ. ಹೊಸದಾಗಿ ಈ ಮಾರ್ಗಕ್ಕೆ ಬಂದ ಕಂಡಕ್ಟರು ನಿಮ್ಮ ಊರಿನ ಹೆಸರು ಕೇಳಿ, ಟಿಕೆಟ್ ಯಂತ್ರವನ್ನು ಒತ್ತಿ ನೋಡಿ, ‘ಅಂಥ ಸ್ಟಾಪೇ ಇಲ್ಲ’ ಎನ್ನುವುದುಂಟು. ಊರು ಇದ್ದಲ್ಲೇ ಇರುತ್ತದೆ, ಅದರ ಹೆಸರು ಆತನ ಯಂತ್ರದಲ್ಲಿ ಇರುವುದಿಲ್ಲ, ಅಷ್ಟೆ. ಫೋನಿಗೆ ಸರಿ–ತಪ್ಪನ್ನು ಯಾವ ಪಂಡಿತರೂ ಕೂತು ಕಲಿಸಿಲ್ಲ. ಯಾರು ಯಾರೋ ಬರೆದ ಕನ್ನಡವನ್ನು ರಾಶಿ ಹಾಕಿ, ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಸಾಕಷ್ಟು ಸಲ ಬಂದದ್ದನ್ನು ಪಟ್ಟಿಗೆ ಸೇರಿಸಿ, ಬಾರದ್ದನ್ನು ಹೊರಗಿಟ್ಟಿದ್ದಾರೆ. ಹೀಗೆ ಎಣಿಕೆಗೆ ಸಿಕ್ಕದ್ದೆಲ್ಲ ‘ಸರಿ’ಯಾಗಿದೆ, ಸಿಗದಿದ್ದದ್ದರ ಕೆಳಗೆ ಗೆರೆ ಬಿದ್ದಿದೆ. ಆದ್ದರಿಂದ ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದಾದ ಎಣಿಕೆಯ ಪ್ರಶ್ನೆಯೇ ಉಳಿದವುಗಳ ತಾಯಿಬೇರು.

ಎಣಿಸೋಣ. ನಿಮ್ಮ ಪತ್ರದಲ್ಲಿ ಸರಿಯಾಗಿ 40 ಪದಗಳಿವೆ. ‘ಎಂದು’ ಮೂರು ಸಲ, ‘ಯಾವುದು’ ಎರಡು ಸಲ ಬಂದಿವೆ. ಉಳಿದ 35 ಪದರೂಪಗಳು ಒಂದೊಂದೇ ಸಲ ಮುಖ ತೋರಿಸಿ ಹೋಗಿವೆ. ಅಂದರೆ ಬೇರೆ ಬೇರೆ ರೂಪಗಳು ಒಟ್ಟು 37. ಯಂತ್ರದ ಕಣ್ಣಿಗೆ ‘ಫೋನಿನಲ್ಲಿ’, ‘ಫೋನು’, ‘ಫೋನಿಗೆ’ ಒಂದಕ್ಕೊಂದು ಸಂಬಂಧವಿಲ್ಲದ ಮೂವರು ಅಪರಿಚಿತರು. ವ್ಯಾಕರಣ ಕಲಿಸುವ ನಿಮಗೆ ಅವು ಒಂದೇ ಮನೆಯ ಮಕ್ಕಳು. ನಿಮ್ಮಂತೆ ನೋಡಿ ಫೋನಿನ ಮೂವರನ್ನೂ, ಮಗಳು, ಐತಿ, ತಪ್ಪು, ಕನ್ನಡ ಇವುಗಳ ಇಬ್ಬಿಬ್ಬರನ್ನೂ ಒಂದೊಂದು ಮನೆಗೆ ಸೇರಿಸಿದರೆ 37 ಹೋಗಿ 31 ಆಗುತ್ತದೆ. ‘ತಪ್ಪೇನು’ ಒಂದು ಪದವೋ, ‘ತಪ್ಪು’ ಮತ್ತು ‘ಏನು’ ಕೂಡಿದ ಎರಡು ಪದಗಳೋ ಎಂದು ಯಾರಾದರೂ ತಕರಾರು ತೆಗೆದರೆ ಲೆಕ್ಕ ಮತ್ತೆ ಅಲುಗುತ್ತದೆ. ಅಂಗೈಯಗಲದ ಪತ್ರದಲ್ಲೇ ‘ಎಷ್ಟು ಪದ’ ಎಂಬುದಕ್ಕೆ 40, 37, 31 ಎಂಬ ಮೂರು ಉತ್ತರಗಳು ಹುಟ್ಟಿದವು, ಮೂರೂ ಸರಿಯಾದವೇ.

ಕನ್ನಡದಲ್ಲಿ ಈ ಫಜೀತಿ ಇಂಗ್ಲಿಷಿಗಿಂತ ಹೆಚ್ಚು. ಇಂಗ್ಲಿಷಿನವರು ಪದಗಳನ್ನು ಬಿಡಿಬಿಡಿಯಾಗಿ ಇಡುತ್ತಾರೆ. ನಾವು ಪ್ರತ್ಯಯಗಳನ್ನು ಒಂದರ ಬೆನ್ನಿಗೊಂದು ಅಂಟಿಸುತ್ತಾ ಹೋಗುತ್ತೇವೆ. ‘ಮನೆ’ ಎಂಬ ಒಂದೇ ಪದವನ್ನು ತೆಗೆದುಕೊಂಡು ಶಾಲೆಯ ವ್ಯಾಕರಣದ ಏಳು ವಿಭಕ್ತಿಗಳನ್ನೂ ಎರಡು ವಚನಗಳನ್ನೂ ಹಚ್ಚಿದರೆ 14 ರೂಪಗಳು; ಪ್ರತಿಯೊಂದನ್ನೂ ಹಾಗೆಯೇ ಬಿಡಬಹುದು, ಇಲ್ಲವೇ ಅದಕ್ಕೆ ‘ಊ’, ‘ಏ’, ‘ಓ’, ‘ಆ’ಗಳಲ್ಲಿ ಒಂದನ್ನು ಅಂಟಿಸಬಹುದು; ಅಲ್ಲಿಗೆ 70. ಇದಿನ್ನೂ ನಾಮಪದದ ಮಾತು. ಕ್ರಿಯಾಪದದ ಬಾಗಿಲು ತೆರೆದರೆ ‘ಹೋಗದಿದ್ದವರಿಗಾದರೂ’ ಎಂಬಂಥ ಮೆರವಣಿಗೆಗಳು ಒಂದೇ ಪದವಾಗಿ ಹೊರಬರುತ್ತವೆ, ಕೇಳಿದವರಾರೂ ಇದು ವಿಚಿತ್ರ ಎನ್ನುವುದಿಲ್ಲ. 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಆದರೆ ‘ಮನೆಗಳಿಂದಲೂ’ ಎಂಬುದನ್ನು ನೀವು ಅದರಲ್ಲಿ ಹುಡುಕಲು ಹೋಗುವುದಿಲ್ಲ, ‘ಮನೆ’ ಸಿಕ್ಕರೆ ಸಾಕು ಎಂದು ಮುಚ್ಚಿಡುತ್ತೀರಿ. ನಿಘಂಟು ಮನೆತನಗಳನ್ನು ಎಣಿಸುತ್ತದೆ, ಯಂತ್ರ ಮುಖಗಳನ್ನು ಎಣಿಸುತ್ತದೆ. ಮುಖಗಳ ಲೆಕ್ಕಕ್ಕೆ ಕೊನೆಯೇ ಇಲ್ಲ.

ಕೊನೆಯಿಲ್ಲದ್ದನ್ನು ಅಂದಾಜು ಮಾಡುವುದಕ್ಕೂ ಸಂಖ್ಯಾಶಾಸ್ತ್ರದಲ್ಲಿ ಒಂದು ಚಮತ್ಕಾರವಿದೆ. ನನಗೆ ಈ ಶಾಸ್ತ್ರದ ಹುಚ್ಚು ಹಿಡಿದದ್ದೇ ಅದರಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಪ್ತಲಿಪಿ ಒಡೆಯುತ್ತಿದ್ದ ಅಲನ್ ಟ್ಯೂರಿಂಗ್ ಮತ್ತು ಅವರ ಸಹಾಯಕ ಐ.ಜೆ. ಗುಡ್ ಕಂಡುಕೊಂಡು, ಗುಡ್ 1953ರಲ್ಲಿ ಪ್ರಕಟಿಸಿದ ಸೂತ್ರವದು: ಮುಂದೆ ಬರುವ ಪದ ಈವರೆಗೆ ಒಮ್ಮೆಯೂ ಕಾಣದ ಹೊಸ ಪದವಾಗಿರುವ ಸಂಭವ ಎಷ್ಟು ಎಂದು ತಿಳಿಯಬೇಕಾದರೆ, ಈವರೆಗೆ ಒಮ್ಮೆ ಮಾತ್ರ ಬಂದ ಪದಗಳ ಸಂಖ್ಯೆಯನ್ನು ಒಟ್ಟು ಪದಗಳ ಸಂಖ್ಯೆಯಿಂದ ಭಾಗಿಸಿ. ಕಾಣದ್ದರ ಅಳತೆಯನ್ನು ಕಂಡದ್ದರ ಅಂಚಿನಿಂದ ತೆಗೆಯುವ ಉಪಾಯವಿದು. ನಿಮ್ಮ ಪತ್ರಕ್ಕೆ ಅನ್ವಯಿಸಿದರೆ 40ರಲ್ಲಿ 35, ಅಂದರೆ ಶೇ 87.5. ನೀವು ಪತ್ರ ಮುಂದುವರಿಸಿದ್ದರೆ ನಲವತ್ತೊಂದನೆಯ ಪದ ಹೊಸತಾಗಿರುತ್ತಿತ್ತು ಎಂದು ನಾನು ಧೈರ್ಯವಾಗಿ ಒಂದು ಚಹಾ ಪಣಕ್ಕಿಡಬಹುದಾಗಿತ್ತು. ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದ ಬ್ರಾಡ್ಲಿ ಎಫ್ರಾನ್ ಮತ್ತು ರೊನಾಲ್ಡ್ ಥಿಸ್ಟೆಡ್ 1976ರಲ್ಲಿ ಶೇಕ್ಸ್‌ಪಿಯರನ ಪದಗಳ ಲೆಕ್ಕ ಹಾಕಿದರು. ಆತ ಬರೆದದ್ದು ಒಟ್ಟು 8,84,647 ಪದಗಳು. ಬೇರೆ ಬೇರೆ ರೂಪಗಳು 31,534. ಅವುಗಳಲ್ಲಿ ಒಮ್ಮೆ ಮಾತ್ರ ಬಳಸಿದವು 14,376. ಈ ಅಂಕಿಗಳಿಂದ ಅವರು ತೆಗೆದ ಫಲಿತಾಂಶವೆಂದರೆ, ಆತನಿಗೆ ಗೊತ್ತಿದ್ದೂ ಎಲ್ಲಿಯೂ ಬಳಸದ ಪದಗಳು ಕಡಿಮೆಯೆಂದರೂ ಇನ್ನೂ 35,000. ಬಳಸಿದ್ದಕ್ಕಿಂತ ಬಳಸದೆ ಇಟ್ಟುಕೊಂಡದ್ದೇ ಹೆಚ್ಚು! ಇದಕ್ಕೂ ಮೊದಲು, 1943ರಲ್ಲಿ, ರೊನಾಲ್ಡ್ ಫಿಶರ್ ಇಂಥದೇ ಲೆಕ್ಕವನ್ನು ಮಲಯದಲ್ಲಿ (ಇಂದಿನ ಮಲೇಷ್ಯಾದ ಭಾಗ) ಹಿಡಿದ ಚಿಟ್ಟೆಗಳ ಮೇಲೆ ಮಾಡಿದ್ದರು: ಬಲೆಗೆ ಒಂದೊಂದೇ ಸಿಕ್ಕ ಜಾತಿಗಳು ಎಷ್ಟು ಎಂಬುದರಿಂದ ಸಿಗದೆ ಹಾರಿಹೋದ ಜಾತಿಗಳ ಅಂದಾಜು.

ನಿಮ್ಮ ‘ಐತಿ’ ಹಾಗೆ ಹಾರಿಹೋದ ಚಿಟ್ಟೆ. ಕನ್ನಡದ ಪದಗಳೆಷ್ಟು ಎಂಬ ಪ್ರಶ್ನೆಗೆ ನನ್ನ ಪ್ರಾಮಾಣಿಕ ಉತ್ತರವೂ ಇದೇ: ಬಲೆ ಯಾವುದು, ಅದನ್ನು ಎಲ್ಲಿ ಬೀಸಿದಿರಿ ಎಂದು ಹೇಳದೆ ಆ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡಲಾಗದು.

ಇನ್ನು ಫೋನು ಮುಂದಿನ ಪದವನ್ನು ಊಹಿಸುವ ಬಗೆ. ಈ ಕಸುಬಿನ ಮೂಲಪುರುಷ ಆಂದ್ರೇ ಮಾರ್ಕೋವ್ ಎಂಬ ರಷ್ಯನ್ ಗಣಿತಜ್ಞ. 1913ರಲ್ಲಿ ಆತ ಪುಷ್ಕಿನನ ಕಾವ್ಯವೊಂದರ ಮೊದಲ 20,000 ಅಕ್ಷರಗಳನ್ನು ಕೈಯಾರೆ ಎಣಿಸಿದ. ಸ್ವರಗಳು 8,638, ವ್ಯಂಜನಗಳು 11,362. ಅಷ್ಟಕ್ಕೇ ಬಿಡಲಿಲ್ಲ, ಸ್ವರದ ಹಿಂದೆಯೇ ಮತ್ತೊಂದು ಸ್ವರ ಬರುವುದು ಎಷ್ಟು ಸಲ ಎಂದೂ ನೋಡಿದ: ಬರೀ 1,104 ಸಲ. ಹಿಂದಿನದು ವ್ಯಂಜನವಾಗಿದ್ದರೆ ಮುಂದಿನದು ಸ್ವರವಾಗುವ ಸಂಭವ ನೂರಕ್ಕೆ 66ರಷ್ಟು, ಹಿಂದಿನದೇ ಸ್ವರವಾಗಿದ್ದರೆ ನೂರಕ್ಕೆ 13ರಷ್ಟು. ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸಬಹುದು ಎಂಬುದು ಇದರಿಂದ ತಿಳಿಯಿತು. ತಮಾಷೆಯೆಂದರೆ ಮಾರ್ಕೋವನಿಗೆ ಫೋನೂ ಬೇಕಿರಲಿಲ್ಲ, ಭಾಷೆಯ ಚಿಂತೆಯೂ ಇರಲಿಲ್ಲ. ನೆಕ್ರಾಸೋವ್ ಎಂಬ ಇನ್ನೊಬ್ಬ ಗಣಿತಜ್ಞನ ಮೇಲೆ ಆತನಿಗೆ ಸಿಟ್ಟಿತ್ತು. ಘಟನೆಗಳು ಒಂದಕ್ಕೊಂದು ಸ್ವತಂತ್ರವಾಗಿದ್ದರೆ ಮಾತ್ರ ಸರಾಸರಿಗಳು ಸ್ಥಿರವಾಗುತ್ತವೆ ಎಂಬ ಆ ಮನುಷ್ಯನ ವಾದವನ್ನು ಸುಳ್ಳು ಮಾಡುವ ಹಟದಲ್ಲಿ ಇಷ್ಟೆಲ್ಲ ನಡೆಯಿತು. ಜಗಳಗಂಟರಿಂದಲೂ ಲೋಕಕ್ಕೆ ಉಪಕಾರವಾಗುವುದುಂಟು.

ಇಂದಿನ ಯಂತ್ರಗಳು ಒಂದು ಅಕ್ಷರವನ್ನಲ್ಲ, ಪುಟಗಟ್ಟಲೆ ಹಿಂದಿನದನ್ನು ನೋಡುತ್ತವೆ, ಅವುಗಳ ಲೆಕ್ಕವೂ ಬಹಳ ಗಹನವಾದದ್ದು. ಆದರೂ ಕೇಳುವ ಪ್ರಶ್ನೆ ಮಾರ್ಕೋವನದೇ: ಇಷ್ಟು ಬಂದಿದೆ, ಮುಂದೇನು ಬಂದೀತು? ‘ತುಂಗಭದ್ರಾ’ ಎಂದು ಬರೆದರೆ ಮುಂದೆ ‘ಜಲಾಶಯ’, ‘ನದಿ’, ‘ಎಡದಂಡೆ’ ಇಂಥವು ಬರಬಹುದೆಂದು ನಾವೂ ಊಹಿಸುತ್ತೇವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದರ ಹಿಂದಿನ ದಿನದವರೆಗೆ ‘19ನೇ’ ಎಂಬುದರ ಮುಂದೆ ‘ಶತಮಾನ’ವೋ ‘ತಾರೀಖು’ವೋ ಬರಬೇಕಿತ್ತು, ಅಲ್ಲಿಂದ ಮುಂದೆ ಗಂಗಾವತಿ, ಸಿಂಧನೂರಿನ ಭತ್ತದ ರೈತರ ಬಾಯಲ್ಲೆಲ್ಲ ‘19ನೇ ಗೇಟು’. ಸಂಭವಗಳ ಪಟ್ಟಿ ನದಿಯಂತೆ, ಅಳೆದ ದಿನದ ನೀರಿಗಷ್ಟೇ ಅದು ನಿಜ.

ಈಗ ನಿಮ್ಮ ‘ಐತಿ’ಯ ಬೆಲೆಗೆ ಬರುತ್ತೇನೆ, ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. 1948ರಲ್ಲಿ ಕ್ಲಾಡ್ ಶ್ಯಾನನ್ ಮಾಹಿತಿಯನ್ನು ಅಳೆಯುವ ಮಾನವೊಂದನ್ನು ಕೊಟ್ಟರು. ಅದರ ಸಾರವೇನೆಂದರೆ, ಯಾವುದು ಬರುವುದೆಂದು ಮೊದಲೇ ಗೊತ್ತಿರುತ್ತದೋ ಅದು ಬಂದರೆ ತಿಳಿವಳಿಕೆ ಹೆಚ್ಚುವುದಿಲ್ಲ. ಅಪರೂಪದ್ದು ಬಂದಾಗಲೇ ಹೆಚ್ಚುವುದು. ಏಪ್ರಿಲ್‌ನಲ್ಲಿ ರಾಯಚೂರಿಗೆ ಫೋನು ಮಾಡಿದಾಗ ‘ಬಿಸಿಲು ಭಾಳ ಐತಿ’ ಎಂಬ ಉತ್ತರ ಬಂದರೆ ಅದರಲ್ಲಿ ಸುದ್ದಿಯೇನೂ ಇಲ್ಲ. ‘ಸ್ವೆಟರ್ ಹಾಕ್ಕೊಂಡು ಕುಂತೀನಿ’ ಎಂದರೆ ಮಾತ್ರ ಎದ್ದು ಕೂರಬೇಕು.

ಇದಕ್ಕೆ ನಮ್ಮ ನೆಲದಲ್ಲೇ ಒಂದು ಸಾಕ್ಷಿಯಿದೆ, ಅದೂ ಕಲ್ಲಿನ ಮೇಲೆ. ದೇಶದ ಉದ್ದಗಲಕ್ಕೂ ಸಿಕ್ಕ ಬ್ರಾಹ್ಮಿ ಶಾಸನಗಳು ‘ದೇವಾನಂಪಿಯ’ ಎಂಬ, ‘ಪಿಯದಸಿ’ ಎಂಬ ಬಿರುದುಗಳನ್ನೇ ಮತ್ತೆ ಮತ್ತೆ ಹೇಳುತ್ತಿದ್ದವು. ಇವುಗಳ ಹಿಂದಿನ ರಾಜ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದರು. ಆದರೆ ಕಲ್ಲು ಬಾಯಿ ಬಿಟ್ಟಿರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದ ಬೀಡನ್ ಎಂಬಾತನ ಕಣ್ಣಿಗೆ ಬಿದ್ದ ಬಂಡೆಯಲ್ಲಿ ಬಿರುದಿನ ಜೊತೆಗೆ ‘ಅಸೋಕ’ ಎಂಬ ಹೆಸರೂ ಇತ್ತು. ಸಾವಿರ ಸಲ ಬಂದ ಬಿರುದು ಹೇಳದ್ದನ್ನು ಒಂದು ಸಲ ಬಂದ ಹೆಸರು ಹೇಳಿತು. ಮುಂದೆ ಅದೇ ಹೆಸರು ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ, ಮಧ್ಯಪ್ರದೇಶದ ಗುಜರ್ರಾದಲ್ಲೂ ಸಿಕ್ಕಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳಲ್ಲಿ ಬಿರುದಷ್ಟೇ ಇದೆ. ಅಂದು ಯಾರಾದರೂ ಆ ಬಂಡೆಗಳನ್ನು ಇಂದಿನ ಫೋನಿಗೆ ಓದಲು ಕೊಟ್ಟಿದ್ದರೆ, ‘ದೇವಾನಂಪಿಯ’ವನ್ನು ಸಲೀಸಾಗಿ ದಾಟಿ, ‘ಅಸೋಕ’ದ ಕೆಳಗೆ ಅದು ಕೆಂಪು ಗೆರೆ ಎಳೆಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಿಮ್ಮ ಪತ್ರದಲ್ಲೂ ಹಾಗೆಯೇ ಆಗಿದೆ. ‘ಊಟ’ ಮತ್ತು ‘ಬಾ’ ಎಂಬ ಪದಗಳನ್ನು ಬೀದರಿನಿಂದ ಚಾಮರಾಜನಗರದವರೆಗೆ ಯಾರು ಬೇಕಾದರೂ ಬರೆದಿರಬಹುದು. ‘ಐತಿ’ ಎಂದ ಕೂಡಲೇ ಬರೆದವರ ಸೀಮೆ ಗೊತ್ತಾಗುತ್ತದೆ. ನಮ್ಮ ರಾಯಚೂರು ಸೀಮೆ ದಾಸರ ನಾಡು: ವಿಜಯದಾಸರು ಚೀಕಲಪರ್ವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಜಗನ್ನಾಥದಾಸರು ಬ್ಯಾಗವಾಟದವರು. ಕೀರ್ತನೆಯ ಕೊನೆಗೆ ‘ವಿಜಯವಿಠಲ’ ಎಂದೋ ‘ಗೋಪಾಲವಿಠಲ’ ಎಂದೋ ಅಂಕಿತ ಬಂದರೆ ಕರ್ತೃ ಯಾರೆಂದು ಕೇಳಬೇಕಿಲ್ಲ. ಅಂಕಿ, ಅಂಕಿತ ಎರಡೂ ‘ಅಂಕ’ ಎಂಬ ಒಂದೇ ಮಾತಿನಿಂದ ಬಂದವು, ಗುರುತು ಎಂಬುದು ಅದರ ಅರ್ಥ. ನನ್ನ ವೃತ್ತಿಗೂ ದಾಸರ ಪದ್ಧತಿಗೂ ಇಷ್ಟಾದರೂ ನೆಂಟಸ್ತಿಕೆ ಇದೆ ಎಂದು ನಾನು ಸಮಾಧಾನ ಪಟ್ಟುಕೊಳ್ಳುವುದುಂಟು. ಅಂಕಿತ ಹಾಕದವರೂ ತಮಗೆ ತಿಳಿಯದಂತೆ ಗುರುತು ಬಿಟ್ಟಿರುತ್ತಾರೆ. ಅಮೆರಿಕದ ಸಂವಿಧಾನದ ಪರವಾಗಿ 18ನೆಯ ಶತಮಾನದಲ್ಲಿ ಹೆಸರಿಲ್ಲದೆ ಪ್ರಕಟವಾದ ಲೇಖನಗಳಲ್ಲಿ 12ರ ಕರ್ತೃ ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂಬ ವಿವಾದವನ್ನು ಮಾಸ್ಟೆಲರ್ ಮತ್ತು ವಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1960ರ ದಶಕದಲ್ಲಿ ಬಗೆಹರಿಸಿದ್ದು ಘನವಾದ ವಿಚಾರಗಳನ್ನು ತೂಗಿ ನೋಡಿ ಅಲ್ಲ. ಯಾರೂ ಗಮನಿಸದ ಸಣ್ಣ ಪುಟ್ಟ ಅವ್ಯಯಗಳನ್ನು ಎಣಿಸಿ. ‘ಮೇಲೆ’ ಎಂಬರ್ಥದ ‘ಅಪಾನ್’ ಎಂಬ ಪದವನ್ನು ಹ್ಯಾಮಿಲ್ಟನ್ ಸಾವಿರಕ್ಕೆ ಸುಮಾರು ಮೂರು ಸಲ ಬಳಸುತ್ತಿದ್ದ, ಮ್ಯಾಡಿಸನ್ ಅದನ್ನು ಮುಟ್ಟುತ್ತಿದ್ದದ್ದೇ ಅಪರೂಪ. ವಿವಾದದ ಹನ್ನೆರಡೂ ಮ್ಯಾಡಿಸನ್ನನ ಪಾಲಾದವು. ‘ಇದೆ’ ಎಂಬ ಪುಟ್ಟ ಪದದ ಸ್ಥಾನದಲ್ಲಿ ಕೂತ ‘ಐತಿ’ಯೂ ಅಂಥದೇ ಅಂಕಿತ. ಫೋನು ಗೆರೆ ಎಳೆದದ್ದು ನಿಮ್ಮ ಸಂದೇಶದಲ್ಲಿ ಅತಿ ಹೆಚ್ಚು ಸುದ್ದಿ ಹೇಳುವ ಪದದ ಕೆಳಗೇ. ಗೆರೆ ಬಿದ್ದ ಜಾಗ ಸರಿಯಾಗಿಯೇ ಇದೆ, ಅದರ ಬಣ್ಣವಷ್ಟೇ ತಪ್ಪು.

ಇಷ್ಟು ಜನ ದಿನಕ್ಕೆ ಇಷ್ಟು ಸಲ ಆಡುವ ಪದ ಎಣಿಕೆಗೆ ಸಿಗದೆ ಹೋದದ್ದು ಹೇಗೆ? ನಾವು ಅದನ್ನು ಆಡುತ್ತೇವೆ, ಬರೆಯುವುದಿಲ್ಲ. ಇದು ದೊಡ್ಡ ಕಾರಣ. ನಾನು ಹುಟ್ಟಿದ್ದು ರಾಯಚೂರಿನಲ್ಲಿ, ಮನೆಯಲ್ಲಿ ‘ಅದ’ವೂ ‘ಐತಿ’ಯೂ ಕೂಡಿಯೇ ಇದ್ದವು, ಆದರೆ ಈ ಉತ್ತರದಲ್ಲಿ ನನ್ನದೇ ಮಾತಾಗಿ ಎಷ್ಟು ಸಲ ‘ಇದೆ’ ಎಂದು ಬರೆದಿದ್ದೇನೆ ನೋಡಿ. ಕೈಗೆ ಪೆನ್ನು ಬಂದ ಕೂಡಲೇ ನಾವೆಲ್ಲ ಪಾಠಪುಸ್ತಕದ ಊರಿಗೆ ವಲಸೆ ಹೋಗುತ್ತೇವೆ. ಆಡುವಂತೆಯೇ ಬರೆಯುವ ಜಾಗವೆಂದರೆ ಗೆಳೆಯರ ನಡುವಿನ ಸಂದೇಶಗಳು. ಅವು ಖಾಸಗಿಯಾದ್ದರಿಂದ ಎಣಿಸುವವರ ರಾಶಿಗೆ ಬರುವುದಿಲ್ಲ, ಬರಬಾರದು ಕೂಡ. ಮೇಲಾಗಿ ನಮ್ಮಲ್ಲಿ ಅನೇಕರು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ, ಅಲ್ಲಿ ‘ತಿ’ಗೆ ಎಚ್ ಸೇರಿಸಬೇಕೋ ಬೇಡವೋ, ‘ಐ’ಗೆ ವೈ ಬೇಕೋ ಎಂಬುದರಲ್ಲಿ ಒಂದು ಮನೆಯ ಇಬ್ಬರಿಗೇ ಒಮ್ಮತವಿಲ್ಲ, ಒಂದು ‘ಐತಿ’ ನಾಲ್ಕು ಕಾಗುಣಿತಗಳಾಗಿ ಚೂರಾಗುತ್ತದೆ. ಈ ಅಭ್ಯಾಸದ ಹಿಂದೆ ಒಂದು ಹಳೆಯ ಲೆಕ್ಕವೂ ಇತ್ತು. ಎಸ್ಸೆಮ್ಮೆಸ್ ಕಾಲದಲ್ಲಿ ಒಂದು ಸಂದೇಶದಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತಿದ್ದವು, ಕನ್ನಡವಾದರೆ 70 ಸಂಕೇತಗಳು ಮಾತ್ರ, ಅದರಲ್ಲಿ ಕಾಗುಣಿತ, ಒತ್ತಕ್ಷರಗಳಿಗೂ ಪಾಲು. ದುಡ್ಡು ಉಳಿಸಲು ಹೊರಟವರ ಕೈ ಇಂಗ್ಲಿಷ್ ಅಕ್ಷರಕ್ಕೆ ಪಳಗಿಬಿಟ್ಟಿತು.

ಕನ್ನಡ ಲಿಪಿಯಲ್ಲೇ ಬರೆದದ್ದೂ ಪೂರ್ತಿ ಎಣಿಕೆಗೆ ಸಿಕ್ಕಿಲ್ಲ. ಯುನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ 128 ಮನೆಗಳ ಒಂದು ಓಣಿ ಮೀಸಲಾಯಿತು. ಆದರೂ ಬಹಳ ಕಾಲ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಹಳೆಯ ಫಾಂಟುಗಳೇ ನಡೆದವು. ಅವುಗಳಲ್ಲಿ ಕೀ ಒತ್ತಿದರೆ ಪರದೆಯ ಮೇಲೆ ಕನ್ನಡ ಕಾಣುತ್ತಿತ್ತಾದರೂ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಗಿಳಿಯ ಮೇವಿನಂತೆ ಚೆಲ್ಲಾಪಿಲ್ಲಿಯಾದ ಚಿಹ್ನೆಗಳು. ಪರಿವರ್ತಿಸದ ಹೊರತು ಎಣಿಸುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಅಂದಹಾಗೆ ಯುನಿಕೋಡಿನ ಸಾಮಾನ್ಯ ಶೇಖರಣೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳ ಜಾಗ ಬೇಕು: ‘ಇದೆ’ಗೆ 9 ಬೈಟು, ‘ಐತಿ’ಗೂ 9 ಬೈಟು. ಆ ತಕ್ಕಡಿಯಲ್ಲಿ ಮಾತ್ರ ಬೆಂಗಳೂರಿಗೂ ಕುಷ್ಟಗಿಗೂ ಭೇದವಿಲ್ಲ.

ಬರೆಯುವವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಕೊಪ್ಪಳದಲ್ಲಿ 68.09, ಆಗಿನ್ನೂ ವಿಭಜನೆಯಾಗದಿದ್ದ ಬಳ್ಳಾರಿಯಲ್ಲಿ 67.43, ರಾಯಚೂರಿನಲ್ಲಿ 59.56. ಸಾಕ್ಷರತೆ ಕಡಿಮೆಯಿದ್ದ ಕಡೆ ಮಾತು ಕಡಿಮೆಯಿರುವುದಿಲ್ಲ, ನಮ್ಮ ಕಡೆಯ ಸಂತೆಗಳಿಗೆ ಬಂದವರಿಗೆ ಇದು ಗೊತ್ತು. ಆದರೆ ಅಕ್ಷರದ ರಾಶಿಗೆ ಆ ಕಡೆಯ ಪಾಲು ಕಡಿಮೆ ಬಂದು ಬೀಳುತ್ತದೆ. ಜೊತೆಗೆ ನಮ್ಮ ಮೂರು ಜಿಲ್ಲೆಗಳ ಮಾತೂ ಒಂದಲ್ಲ. ರಾಯಚೂರು, ಕೊಪ್ಪಳಗಳು ನಿಜಾಮರ ಆಳ್ವಿಕೆಯಲ್ಲಿದ್ದವು, ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಒಂದು ಕಡೆ ‘ಜಲ್ದಿ’, ‘ಫಿಕರ್’ ಮನೆಮಾತಾದರೆ ಇನ್ನೊಂದು ಕಡೆ ತೆಲುಗಿನ ಲಯ ಕೇಳುತ್ತದೆ. ‘ಐತಿ’, ‘ಐತೆ’, ‘ಅದ’ ಎಂದು ಒಂದೇ ಪದದ ಮತಗಳು ಹಂಚಿಹೋಗುತ್ತವೆ. ಮತ ಹಂಚಿಹೋದರೆ ಗೆಲ್ಲುವವರು ಯಾರೆಂದು ಈ ಜಿಲ್ಲೆಗಳ ಜನಕ್ಕೆ ನಾನು ವಿವರಿಸಬೇಕಿಲ್ಲ. ಇಲ್ಲಿ ಗೆದ್ದದ್ದು ‘ಇದೆ’.

ಕಾಲದ ಚೋದ್ಯವನ್ನು ನೋಡಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ, ‘ಕನ್ನಡದ ತಿರುಳ್’ ಎಲ್ಲಿದೆ ಎಂದು ಎಲ್ಲೆ ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳೆಂದರೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ಕೊಪಣವೆಂದರೆ ನಿಮ್ಮ ಜಿಲ್ಲಾ ಕೇಂದ್ರ ಕೊಪ್ಪಳ. ನಕಾಶೆಯ ಮೇಲೆ ಗೆರೆ ಎಳೆದರೆ ಕುಷ್ಟಗಿ ಆ ಚೌಕದ ಮೂಡಣ ಬೇಲಿಯಿಂದ ತುಸು ಆಚೆಗೆ ಬೀಳುತ್ತದೆ. ಬೇಲಿ ಹಾರಿ ಬರುವಷ್ಟು ಹತ್ತಿರವೇ ಎನ್ನಿ. ಅಂದು ತಿರುಳಿನ ಗಡಿಗಲ್ಲಾಗಿದ್ದ ಸೀಮೆಯ ಮಾತು ಇಂದು ಪಟ್ಟಿಯ ಹೊರಗಿದೆ. ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ: ದೇಶದೇಶಕ್ಕೆ ಬೇರೆಯಾಗುವ ಕನ್ನಡಗಳಲ್ಲಿ ದೋಷಗಳು ಇಷ್ಟು ಎಂದು ಎಣಿಸಿ ತೀರಿಸಲು ಹೋದರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು. ಕನ್ನಡವಲ್ಲ, ‘ಕನ್ನಡಂಗಳ್’, ಬಹುವಚನ. ಎಣಿಸುವವರಿಗೆ ಕೊಟ್ಟ ಈ ಎಚ್ಚರಿಕೆಯನ್ನು ನಾನು ನನ್ನ ಮೇಜಿನ ಮುಂದೆ ಬರೆದು ಅಂಟಿಸಿಕೊಂಡಿದ್ದೇನೆ. ಕೆಲಸದ ದಿನಗಳಲ್ಲಿ ವಾಸುಕಿಯ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಉಳಿದದ್ದು, ಫೋನಿಗೆ ಕನ್ನಡ ಬರುತ್ತದೆಯೇ ಎಂಬುದು. ಬಳ್ಳಾರಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾತನ್ನು ಬರಹವಾಗಿಸುವ ಸೌಲಭ್ಯವನ್ನು ಪರೀಕ್ಷಿಸೋಣವೆಂದು ಗೆಳೆಯನಿಗೆ ‘ಒಂದು ಒಗ್ಗರಣಿ, ಎರಡು ಮಿರ್ಚಿ ಕಟ್ಟಿಸಿಕೊಂಡು ಬಾ’ ಎಂಬ ಸಂದೇಶವನ್ನು ಫೋನಿಗೆ ಹೇಳಿದೆ. ಅದು ‘ಒಗ್ಗರಣೆ’ ಎಂದು ತಿದ್ದಿ ಬರೆದುಕೊಂಡಿತು, ಅದು ಸರಿ. ಆಮೇಲೆ ಅದೇ ವಾಕ್ಯವನ್ನು ಇಂಗ್ಲಿಷಿಗೆ ಅನುವಾದಿಸಲು ಹೇಳಿದಾಗ, ಎಣ್ಣೆಯಲ್ಲಿ ಸಾಸಿವೆ ಸಿಡಿಸಿ ಅದನ್ನು ಕಟ್ಟಿಕೊಂಡು ಬರಬೇಕು ಎಂಬಂಥ ಅರ್ಥ ಬಂತು. ಬಳ್ಳಾರಿಯ ಹೋಟೆಲುಗಳಲ್ಲಿ ಒಗ್ಗರಣೆ ಎಂದರೆ ಮಂಡಕ್ಕಿಯ ತಿಂಡಿ, ಆಂಧ್ರದ ಗಡಿಯ ಕಡೆಗೆ ಅದೇ ‘ವಗ್ಗಾಣಿ’, ಇನ್ನು ಕೆಲವು ಕಡೆ ‘ಸುಸಲಾ’. ರಾಶಿಯಲ್ಲಿ ಒಗ್ಗರಣೆಯ ಜೊತೆ ಸಾಸಿವೆ, ಕರಿಬೇವು ಬಂದಷ್ಟು ಸಲ ‘ಕಟ್ಟಿಸಿಕೊಂಡು ಬಾ’ ಬಂದಿರಲಿಲ್ಲ. ಹೀಗಾಗಿ ನನ್ನ ಅಭಿಪ್ರಾಯ ಇಷ್ಟು: ಫೋನಿಗೆ ಕನ್ನಡದ ನೆರೆಹೊರೆ ಗೊತ್ತು, ಯಾವ ಪದ ಯಾರ ಪಕ್ಕದಲ್ಲಿ ಕೂರುತ್ತದೆ ಎಂಬುದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಹಸಿವೆ ಗೊತ್ತಿಲ್ಲ. ಇದನ್ನು ಭಾಷೆ ಬರುವುದು ಎನ್ನಬೇಕೋ ಬೇಡವೋ ಎಂಬ ಬಗ್ಗೆ ನನ್ನ ವೃತ್ತಿಯವರಲ್ಲಿ ಬಿಸಿ ಬಿಸಿ ವಾದಗಳಿವೆ. ನಾನು ಮಿರ್ಚಿ ತಣ್ಣಗಾಗುವ ಮುನ್ನ ಅವುಗಳಿಂದ ಎದ್ದು ಬರುವವನು.

ಕೊನೆಗೆ ಕೈಯಳತೆಯ ಉಪಾಯ. ಗೆರೆ ಬಿದ್ದ ಪದದ ಮೇಲೆ ಬೆರಳಿಟ್ಟರೆ ‘ನಿಘಂಟಿಗೆ ಸೇರಿಸು’ ಎಂಬ ಆಯ್ಕೆ ಸಾಮಾನ್ಯವಾಗಿ ಬರುತ್ತದೆ, ಒತ್ತಿಬಿಡಿ. ಆ ನಿಘಂಟು ನಿಮ್ಮ ಫೋನಿನದು ಮಾತ್ರವಾದ್ದರಿಂದ ಮಗಳ ಫೋನಿನಲ್ಲೂ ಒತ್ತಬೇಕಾಗುತ್ತದೆ, ಮತ್ತು ‘ಐತಿ’ಗೆ ಒತ್ತಿದ ಮೇಲೆ ‘ಐತೇನು’, ‘ಐತ್ರಿ’, ‘ಐತಂತ’ಗಳಿಗೂ ಬೇರೆ ಬೇರೆಯಾಗಿ ಒತ್ತಬೇಕಾಗುತ್ತದೆ, ಅದಕ್ಕೆ ಅವು ಬೇರೆ ಬೇರೆ ಮುಖಗಳೆಂದು ಮೇಲೆಯೇ ಹೇಳಿದೆನಲ್ಲ. ನಾನು ಹೋದ ವರ್ಷ ಈ ಕೆಲಸ ಮಾಡಿದೆ. ಈಗ ನನ್ನ ಫೋನು ‘ಐತಿ’ಗೆ ಗೆರೆ ಎಳೆಯುವುದಿಲ್ಲ. ‘ಊಟ’ ಎಂದು ಬರೆದು ನಿಲ್ಲಿಸಿದರೆ ಮಾತ್ರ ಈಗಲೂ ‘ಆಯ್ತಾ?’ ಎಂದೇ ಸೂಚಿಸುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.